ರೋಣದ ಭೀಮಣ್ಣ, ಪುಣೆಯ ಅಣ್ಣಾ

ಭೀಮಸೇನ ಜೋಶಿಯವರನ್ನು ‘ಪಾಪ್ ಸ್ಟಾರ್’ ಎಂದು ಕರೆದರೆ ಪುಣೆಯ ಸದಾಶಿವ ಪೇಟೆಯ ಹಿರಿಯರು ಊರುಗೋಲು ಎತ್ತಿಯಾರು. ಹಾಗೆಂದು ರಾಜಾರೋಷವಾಗಿ ಕರೆಯುವ ಹೆಣ್ಣುಮಗಳೊಬ್ಬರು ಅದೇ ಪೇಟೆಯ ಹಳೆಯ ವಾಡೆಯಲ್ಲಿ ಸಂಸಾರ ಮಾಡಿದವರು. ಹುಟ್ಟಿದ್ದು ಗದಗಿನಲ್ಲಿ, ಪುಣೆಗೆ ಬಂದದ್ದು ಸೊಸೆಯಾಗಿ, ವಯಸ್ಸು ಈಗ ಎಪ್ಪತ್ತರ ಹತ್ತಿರ. “ರಿಕ್ಷಾದಾಗ ಅವರ ಕ್ಯಾಸೆಟ್ಟು, ಪಾನ್‌ಪಟ್ಟಿ ಅಂಗಡ್ಯಾಗ ಅವರ ಕ್ಯಾಸೆಟ್ಟು, ಗಣಪತಿ ಮಂಟಪದಾಗೂ ಅವರದ. ಪಾಪ್ ಅನ್ನೋದಕ್ಕ ಬ್ಯಾರೆ ಕೋಡು ಇರ್ತಾವೇನು?” ಎಂದು ಆಕೆ ಕೇಳಿದರೆ ಎದುರು ಕೂತವರು ತಡವರಿಸುತ್ತಾರೆ.

ಆಕೆಯ ಪಕ್ಷದಲ್ಲಿ ಸಾಕ್ಷಿ ಸಾಕಷ್ಟಿದೆ. 1988ರ ಆಗಸ್ಟ್ 15ರಂದು ದೂರದರ್ಶನದಲ್ಲಿ ‘ಮಿಲೇ ಸುರ್ ಮೇರಾ ತುಮ್ಹಾರಾ’ ಮೊದಲ ಬಾರಿಗೆ ಬಂದಾಗ ಅದರ ಮೊದಲ ದನಿ ಭೀಮಸೇನರದು. ಅಮಿತಾಭ್ ಬಚ್ಚನ್ ಬರುವುದು, ಆಟಗಾರರು ಬರುವುದು, ಎಲ್ಲ ಆಮೇಲೆ. ರಾಗದ ಹೆಸರು ಗೊತ್ತಿಲ್ಲದ ಕೋಟ್ಯಂತರ ಜನ ಆ ಮುಖವನ್ನೂ ಭೈರವಿಯ ಆ ಸುರುವಾತನ್ನೂ ಬಾಯಿಪಾಠ ಮಾಡಿಕೊಂಡರು. ಗ್ರಾಮೊಫೋನ್ ಕಂಪನಿಯವರು ಅವರಿಗೆ ಪ್ಲಾಟಿನಂ ಡಿಸ್ಕ್ ಕೊಟ್ಟಿದ್ದರು. ಲತಾ ಮಂಗೇಶ್ಕರ್ ಜೊತೆಗೆ ಶ್ರೀನಿವಾಸ ಖಳೆಯವರ ಸಂಯೋಜನೆಯಲ್ಲಿ ಹಾಡಿದ ಭಜನೆಗಳ ಸಂಪುಟ ‘ರಾಮ ಶ್ಯಾಮ ಗುಣಗಾನ’ ಮನೆಮನೆಗೆ ಹೋಯಿತು. ಶುದ್ಧ ಕಲ್ಯಾಣವನ್ನು ಒಂದು ತಾಸು ಹಿಗ್ಗಿಸಬಲ್ಲ ಗಾಯಕ ಐದು ನಿಮಿಷದ ಹಾಡಿನಲ್ಲಿ ಇಷ್ಟು ದೂರ ಹೋದದ್ದು ಹಿಂದುಸ್ತಾನಿ ಸಂಗೀತದಲ್ಲಿ ಅಪರೂಪ.

ಆಕೆ ಪುಣೆಗೆ ಬಂದದ್ದು 1978ರಲ್ಲಿ. ಆಗಿನ್ನೂ ಗದಗಿನಿಂದ ಮಿರಜದವರೆಗೆ ಮೀಟರ್‌ ಗೇಜ್. ಹುಬ್ಬಳ್ಳಿ, ಧಾರವಾಡ, ಬೆಳಗಾವಿ ದಾಟಿ ಮಿರಜದಲ್ಲಿ ಇಳಿದು, ಗಂಟುಮೂಟೆ ಸಮೇತ ಫಲಾಟು ಬದಲಿಸಿ, ಪುಣೆಯ ಬ್ರಾಡ್‌ಗೇಜ್ ಗಾಡಿ ಹಿಡಿಯಬೇಕು. ತಂಬೂರಿ–ಸಿತಾರ ಮಾಡುವ ಕುಶಲಕರ್ಮಿಗಳ ಊರು ಮಿರಜ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಮನೆ ಮಾಡಿದ ಊರೂ ಅದೇ. ಆಕೆಗೆ ಅಂದು ಅದೆಲ್ಲ ನೆನಪಾಗಲಿಲ್ಲ. ತವರಿನ ಕನ್ನಡ ಮಿರಜದ ಫಲಾಟಿನಲ್ಲಿ ತೆಳುವಾಗುತ್ತ ಹೋಗಿ, ಪುಣೆಯ ಗಾಡಿಯೊಳಗೆ ಪೂರ್ತಿ ನಿಂತುಹೋದದ್ದಷ್ಟೇ ನೆನಪು.

ಗಂಡ ಖಡಕಿಯ ಕಾರ್ಖಾನೆಯಲ್ಲಿ ನೌಕರ. ಮನೆಮಾತು ಮರಾಠಿ. ಆಕೆ ಕಲಿತ ಮರಾಠಿಯನ್ನು ವಾಡೆಯ ಹೆಂಗಸರು ನೀರಿನ ನಲ್ಲಿಯ ಹತ್ತಿರ ಅಣಕಿಸಿ ನಗುತ್ತಿದ್ದರು. ಮರಾಠಿಯಲ್ಲಿ ಕುರ್ಚಿ ಹೆಣ್ಣು, ಕಂಬ ಗಂಡು. ಕನ್ನಡದ ಬಾಯಿಗೆ ಎರಡೂ ವಸ್ತು. ಚೂಲ, ಚೋರ ಎನ್ನುವಾಗ ಹಲ್ಲಿನ ಸಂದಿಯಿಂದ ಬರಬೇಕಾದ ಚಕಾರ ಆಕೆಯ ಬಾಯಲ್ಲಿ ಗದಗಿನ ಚಕಾರವಾಗಿಯೇ ಹೊರಬೀಳುತ್ತಿತ್ತು. ಒಂದು ದಿನ ಅತ್ತೆಯೇ ಮೇಲಿನ ಗ್ಯಾಲರಿಯಿಂದ ಗದರಿಸಿದರು: ಭೀಮಸೇನ ಅಣ್ಣಾನ ಮರಾಠಿಯೂ ಹೀಗೇ ಇದೆ, ಅವನಿಗೆ ನಗುತ್ತೀರಾ? ನಲ್ಲಿಯ ಹತ್ತಿರ ನಗು ನಿಂತಿತು. ಅತ್ತೆ–ಸೊಸೆಯ ಸಂಬಂಧದಲ್ಲಿ ಅಲ್ಲಿಂದ ಮುಂದೆ ಎಷ್ಟೋ ಏರುಪೇರು ಆದವು, ಆದರೆ ಆ ಒಂದು ಮಾತಿನ ಋಣ ಮಾತ್ರ ಹರಿಯಲಿಲ್ಲ ಎನ್ನುತ್ತಾರೆ ಆಕೆ.

ಅತ್ತೆಯ ಮಾತು ಸುಳ್ಳಲ್ಲ. ಮಹಾರಾಷ್ಟ್ರ ತಲೆಯ ಮೇಲೆ ಹೊತ್ತು ಮೆರೆಸಿದ ಆ ಅಭಂಗಗಳಲ್ಲಿ ಕನ್ನಡದ ನಾಲಿಗೆಯ ಗುರುತು ಕೊನೆಯತನಕ ಉಳಿದಿತ್ತು. ತಿದ್ದಿಕೊಳ್ಳಬಹುದಿತ್ತು. ಪುಣೆಯಲ್ಲಿ ಅರವತ್ತು ವರ್ಷಕ್ಕೂ ಹೆಚ್ಚು ಬಾಳಿದವರಿಗೆ ಅದು ದೊಡ್ಡ ಕೆಲಸವಲ್ಲ. ತಿದ್ದಿಕೊಳ್ಳಲಿಲ್ಲ, ಜನ ತಿದ್ದಲೂ ಹೋಗಲಿಲ್ಲ. ಉಚ್ಚಾರಣೆಯ ವಿಷಯದಲ್ಲಿ ಯಾರಿಗೂ ಬಿಟ್ಟುಕೊಡದ ಪುಣೆ, ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಗಿರಾಕಿಯ ಮುಖಕ್ಕೆ ಬಾಗಿಲು ಹಾಕುವ ಪುಣೆ, ಈ ಒಬ್ಬನಿಗೆ ಮಾತ್ರ ರಿಯಾಯಿತಿ ಕೊಟ್ಟಿತ್ತು. ವಲಸೆ ಬಂದ ಸೊಸೆಯೊಬ್ಬಳು ಗಾಯಕನೊಬ್ಬನ ಹಿಂದೆ ಬೀಳಲು ಇಷ್ಟು ಕಾರಣ ಸಾಲದೆ?

ರೋಣದ ಕತೆ ಆಕೆಗೆ ಮೊದಲೇ ಗೊತ್ತಿತ್ತು. ಗದಗಿನಲ್ಲಿ ಅದು ಮಕ್ಕಳಿಗೆ ಹೇಳುವ ಕತೆ. 1922ರ ಫೆಬ್ರವರಿ 4ರಂದು ಹುಟ್ಟಿದ, ಗುರುರಾಜ ಜೋಶಿ ಮಾಸ್ತರರ ಹದಿನಾರು ಮಕ್ಕಳಲ್ಲಿ ಹಿರಿಯವನಾದ ಹುಡುಗ ಬೀದಿಯಲ್ಲಿ ಬಾಜಾ–ಭಜನೆ ಹೊರಟರೆ ಸಾಕು, ಹಿಂದೆಯೇ ಹೋಗಿಬಿಡುತ್ತಿದ್ದ. ಎಲ್ಲಿ ದಣಿಯುತ್ತಾನೋ ಅಲ್ಲೇ ಮಲಗಿಬಿಡುವವನು. ಹುಡುಕಿ ಹುಡುಕಿ ಸಾಕಾದ ತಂದೆ ಅಂಗಿಯ ಮೇಲೆ ‘ಜೋಶಿ ಮಾಸ್ತರರ ಮಗ’ ಎಂದು ಬರೆಸಿದರು. ಕಂಡವರು ಮನೆಗೆ ತಂದುಬಿಡಲಿ ಎಂದು. ಹನ್ನೊಂದನೆಯ ವಯಸ್ಸಿಗೆ ಆ ಅಂಗಿಯೂ ಕೆಲಸಕ್ಕೆ ಬಾರದಾಯಿತು. ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆ ಕೇಳಿ ತಲೆಕೆಟ್ಟ ಹುಡುಗ 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟ.

ಮುಂದಿನದು ರೈಲಿನ ಕತೆ. ಕೈಯಲ್ಲಿ ಕಾಸಿಲ್ಲ, ಟಿಕೇಟಿಲ್ಲ. ಡಬ್ಬಿಯಲ್ಲಿ ಹಾಡಿದರೆ ಊಟ, ಹಾಡಿದರೆ ಮುಂದಿನ ಊರು. ಗ್ವಾಲಿಯರಿನಲ್ಲಿ ಸರೋದ್ ಮಾಂತ್ರಿಕ ಹಾಫಿಜ್ ಅಲಿ ಖಾನರ ಸಹಾಯದಿಂದ ಮಾಧವ ಸಂಗೀತ ಶಾಲೆ, ಅಲ್ಲಿಂದ ಕಲ್ಕತ್ತಾ, ದಿಲ್ಲಿ, ಕಡೆಗೆ ಪಂಜಾಬಿನ ಜಾಲಂಧರ. ಉತ್ತರ ಭಾರತವನ್ನೆಲ್ಲ ಸುತ್ತಿದ ಮೇಲೆ ಸಿಕ್ಕ ಗುರು ಯಾರು? ಹುಬ್ಬಳ್ಳಿಯ ಪಕ್ಕದ ಕುಂದಗೋಳದ ರಾಮಭಾವು, ಅಂದರೆ ಸವಾಯಿ ಗಂಧರ್ವರು. ಗದಗಿನ ಮುದುಕಿಯರು ಈ ಕತೆಯನ್ನು ಹೇಳುವಾಗ ಇಲ್ಲಿಗೆ ಬಂದು ಜೋರಾಗಿ ನಗುತ್ತಿದ್ದರಂತೆ: ಮನೆ ಮುಂದಿನ ಬಾವಿ ಬಿಟ್ಟು ಗಂಗಾ ನದಿ ಸುತ್ತಿ ಬಂದ ಹುಡುಗ!

1936ರಿಂದ ಕುಂದಗೋಳದ ಗುರುಮನೆ. ನೀರು ಹೊರುವುದು, ಮನೆಗೆಲಸ, ಸಾಧನೆ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲಿನಲ್ಲಿ ಪಾಠಕ್ಕೆ ಬಂದು ಸಂಜೆ ಹಿಂತಿರುಗುವರು; ಅವರನ್ನು ಸ್ಟೇಷನ್ನಿನವರೆಗೆ ಬಿಟ್ಟುಬರುವ ಕೆಲಸ ಈ ಹುಡುಗನದು. ಪುಣೆ, ಮಿರಜ, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಕುಂದಗೋಳ. ಕಿರಾನಾ ಎಂಬ ಹೆಸರು ಉತ್ತರ ಪ್ರದೇಶದ ಊರಿನದಾದರೂ ಆ ಗಾಯನ ಬೇರು ಬಿಟ್ಟದ್ದು ಈ ರೈಲು ಹಳಿಯ ಉದ್ದಕ್ಕೆ. ಗದಗಿನ ಹುಡುಗಿ ಹಳದಿ ಬಟ್ಟೆಯಲ್ಲಿ ಅಳುತ್ತ ಪ್ರಯಾಣ ಮಾಡಿದ್ದು ಅದೇ ಹಳಿಯ ಮೇಲೆ.

ಪುಣೆಯ ಜನ ಭೀಮಸೇನರನ್ನು ಗಮನಿಸಿದ್ದು 1946ರ ಜನವರಿಯಲ್ಲಿ, ಗುರುವಿನ ಅರವತ್ತರ ಸಮಾರಂಭದಲ್ಲಿ ಹಾಡಿದಾಗ. 1952ರಲ್ಲಿ ಸವಾಯಿ ಗಂಧರ್ವರು ತೀರಿಕೊಂಡರು. ಮರುವರ್ಷ ಗುರುವಿನ ಹೆಸರಿನಲ್ಲಿ ಭೀಮಸೇನರು ಪುಣೆಯಲ್ಲಿ ಸಂಗೀತೋತ್ಸವ ಆರಂಭಿಸಿದರು. ಗುರುವಿನ ಅಳಿಯ ಡಾ. ನಾನಾಸಾಹೇಬ ದೇಶಪಾಂಡೆಯವರು, ಗಂಗೂಬಾಯಿ, ಫಿರೋಜ್ ದಸ್ತೂರ್ ಜೊತೆಗಿದ್ದರು. ಪುಣೇಕರರ ಬಾಯಲ್ಲಿ ಅದಕ್ಕೆ ಪೂರ್ತಿ ಹೆಸರಿಲ್ಲ, ಬರೇ ‘ಸವಾಯಿ’.

ಆಕೆ ಹೋಗತೊಡಗಿದಾಗ ಸವಾಯಿಯ ಮೈದಾನ ರೇಣುಕಾ ಸ್ವರೂಪ ಶಾಲೆಯದು, ಸದಾಶಿವ ಪೇಟೆಯಲ್ಲೇ. ಮುಂದೆ ಅದು ರಮಣಬಾಗ ಶಾಲೆಯ ಮೈದಾನಕ್ಕೆ ಹೋಯಿತು. ಡಿಸೆಂಬರಿನ ಚಳಿಯಲ್ಲಿ ರಾತ್ರಿಯಿಡೀ ಹಾಡು. ಮುಂದೆ ಸೋಫಾ, ನಂತರ ಕುರ್ಚಿ, ಉಳಿದದ್ದೆಲ್ಲ ನೆಲದ ಬೈಠಕ್. ಆಕೆ ಕೂರುತ್ತಿದ್ದದ್ದು ನೆಲದಲ್ಲಿ, ಮಧ್ಯದ ಕಂಬದ ಹತ್ತಿರ. ಜಾಗ ಹಿಡಿಯಲು ಮಧ್ಯಾಹ್ನವೇ ಚಾದರ ಹಾಸಬೇಕು. ಕಿವಿಗೆ ಮಫ್ಲರ್, ಡಬ್ಬಿಯಲ್ಲಿ ದಶಮಿ ರೊಟ್ಟಿ ಮತ್ತು ಶೇಂಗಾ ಚಟ್ನಿ, ಥರ್ಮಾಸಿನಲ್ಲಿ ಚಹಾ. ಪಕ್ಕದಲ್ಲಿ ಕೂತ ಚಿತ್ಪಾವನ ಅಜ್ಜ ಶೇಂಗಾ ಚಟ್ನಿಗೆ ಕೈ ಚಾಚಿ, ಪ್ರತಿಯಾಗಿ ರಾಗದ ಹೆಸರು ಕಿವಿಯಲ್ಲಿ ಹೇಳುತ್ತಿದ್ದ. ತಪ್ಪು ಹೇಳುತ್ತಿದ್ದುದೂ ಉಂಟು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ತಂದೆಯ ಮಗ್ಗುಲಲ್ಲಿ ಕೂತು ಹಾಡು ಕೇಳುತ್ತ ಬೆಳೆದವಳಿಗೆ ಅದು ಗೊತ್ತಾಗುತ್ತಿತ್ತು, ಆದರೆ ಪುಣೆಯಲ್ಲಿ ಪುಣೇಕರನನ್ನು ತಿದ್ದುವುದು ಹುಡುಗಾಟವಲ್ಲ.

ಫಿರೋಜ್ ದಸ್ತೂರ್ ವೇದಿಕೆಗೆ ಬಂದರೆ ಜನ ‘ಗೋಪಾಲಾ, ಗೋಪಾಲಾ’ ಎಂದು ಕೂಗುತ್ತಿದ್ದರು. ವರ್ಷವರ್ಷವೂ ಅವರು ‘ಗೋಪಾಲಾ ಮೋರಿ ಕರುಣಾ’ ಹಾಡಲೇಬೇಕು. 1930ರ ದಶಕದಲ್ಲಿ ವಾಡಿಯಾ ಕಂಪನಿಯ ಸಿನಿಮಾಗಳಲ್ಲಿ ಬಾಲನಟನಾಗಿದ್ದ ಪಾರ್ಸಿ ಗೃಹಸ್ಥ, ಕುಂದಗೋಳದ ಗುರುವಿನ ಶಿಷ್ಯ, ಪುಣೆಯ ಬ್ರಾಹ್ಮಣರ ನಡುವೆ ಕೂತು ಗೋಪಾಲನನ್ನು ಕರೆಯುತ್ತಿದ್ದ. ಹಾಗೆ ಕರೆಯುವಾಗ ಚಪ್ಪರದೊಳಗೆ ಅಳುವವರು ಅಳುತ್ತಿದ್ದರು, ಚಹಾ ಮಾರುವವರು ಕೂಡ ಕೇಟಲಿ ಕೆಳಗಿಟ್ಟು ನಿಲ್ಲುತ್ತಿದ್ದರು.

ಭೀಮಸೇನರ ಸರದಿ ಎಲ್ಲರದೂ ಆದ ಮೇಲೆ, ಕೊನೆಯ ರಾತ್ರಿ ಕಳೆದು ಬೆಳಗಾಗುವ ಹೊತ್ತಿಗೆ. ಅಷ್ಟರಲ್ಲಿ ಮಕ್ಕಳು ಮಡಿಲಲ್ಲಿ ನಿದ್ದೆ, ಅರ್ಧ ಚಪ್ಪರಕ್ಕೆ ಜೋಂಪು. ಎರಡು ತಂಬೂರಿ ಕೂಡಿಸುವ ಸದ್ದಿಗೇ ಜನ ಎದ್ದು ಕೂರುವರು. ಮೊದಲ ಷಡ್ಜ ಕೆಳಗೆಲ್ಲೋ, ಯಾರಿಗೂ ಕೇಳಿಸಬಾರದೆಂಬಂತೆ. ಕಣ್ಣು ಮುಚ್ಚಿದೆ. ಬಲಗೈ ಗಾಳಿಯಲ್ಲಿ ಏನನ್ನೋ ತಡವುತ್ತಿದೆ. ಒಂದೊಂದು ಸ್ವರವನ್ನು ಇಟ್ಟು, ಅದು ನಿಂತಿತೋ ಇಲ್ಲವೋ ನೋಡಿ, ಮುಂದಿನದಕ್ಕೆ ಹೋಗುವುದು. ಇಪ್ಪತ್ತು ನಿಮಿಷವಾದರೂ ಮೇಲಿನ ಷಡ್ಜದ ಸುದ್ದಿಯಿಲ್ಲ. ಆಮೇಲೆ ಒಮ್ಮೆಲೆ ತಾನ್. ಕುತ್ತಿಗೆ ಒಂದು ಕಡೆ, ಭುಜ ಒಂದು ಕಡೆ, ಕೈ ಚಪ್ಪರಕ್ಕೆ ಎದ್ದು, ಒಂದೇ ಉಸಿರಿನಲ್ಲಿ ಮೂರು ಸಪ್ತಕ ಹತ್ತಿ ಇಳಿದು ಸಮಕ್ಕೆ ಬಂದು ಬೀಳುವುದು. ಆಕೆಯ ಮಗಳು ನಾಲ್ಕು ವರ್ಷದವಳಿದ್ದಾಗ ಎದ್ದು ಕೂತು ಇದನ್ನು ನೋಡಿ, ಅಮ್ಮಾ, ಈ ಅಜ್ಜನಿಗೆ ಮೈಯಲ್ಲಿ ಹುಷಾರಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದಳು. ಸುತ್ತಲಿನ ಹತ್ತು ಜನ ನಕ್ಕರು. ಮನೆಗೆ ಹೋದ ಮೇಲೆ ಆ ಹುಡುಗಿ ಕನ್ನಡಿಯ ಮುಂದೆ ನಿಂತು ಅದೇ ಕೈಕಾಲು ಆಡಿಸತೊಡಗಿದಳು. ವಾಡೆಗೆಲ್ಲ ಅದೊಂದು ಮೋಜು.

ಶಾಸ್ತ್ರಕಾರರು ಅವರನ್ನು ಕಿರಾನಾ ಘರಾಣೆಯವರೆಂದು ಬರೆಯುತ್ತಾರೆ. ಸರಿಯೇ. ಆದರೆ ಕೇಸರಬಾಯಿ ಕೇರಕರರಿಂದ, ಅಮೀರ್ ಖಾನರಿಂದ ತನಗೆ ಬೇಕಾದುದನ್ನು ಬಾಚಿಕೊಂಡವರೂ ಅವರೇ, ಅದನ್ನು ಮುಚ್ಚಿಡದೆ ಹೇಳಿದವರೂ ಅವರೇ. ಕಲಾವತಿ ಮತ್ತು ರಾಗೇಶ್ರೀ ಕೂಡಿಸಿ ‘ಕಲಾಶ್ರೀ’ ಎಂಬ ರಾಗವನ್ನು ಮಾಡಿದರು. ಪುಣೆಯ ಮನೆಗೂ ಅದೇ ಹೆಸರು.

ಕಾರಿನ ಮಾತಿಲ್ಲದೆ ಭೀಮಸೇನರ ನೆನಪು ಪೂರ್ತಿಯಾಗದು. ಕಛೇರಿಗೆ ತಾವೇ ಕಾರು ನಡೆಸಿಕೊಂಡು ಹೋಗುವವರು. ಸಾಥಿದಾರರನ್ನೂ ತಂಬೂರಿಗಳನ್ನೂ ತುಂಬಿಕೊಂಡು ಹೆದ್ದಾರಿಯಲ್ಲಿ ರಾತ್ರಿಯೆಲ್ಲ ಓಡಿಸುವುದು, ಬಾನೆಟ್ ಎತ್ತಿ ತಾವೇ ರಿಪೇರಿಗೆ ನಿಲ್ಲುವುದು, ಇವೆಲ್ಲ ಸಂಗೀತ ವಲಯದ ದಂತಕತೆಗಳು. ಇವತ್ತು ಕಲ್ಕತ್ತಾ, ನಾಳೆ ಮುಂಬಯಿ ಎಂದು ವಿಮಾನದಲ್ಲಿ ಹಾರಾಡುತ್ತಿದ್ದುದಕ್ಕೆ ಮರಾಠಿಗರು ‘ಹವಾಯಿ ಗಂಧರ್ವ’ ಎಂದು ಗೇಲಿಯ ಹೆಸರಿಟ್ಟರು. ಅಲಕಾ ಟಾಕೀಸ್ ಚೌಕದ ಸಿಗ್ನಲ್ಲಿನಲ್ಲಿ ಮರ್ಸಿಡಿಸ್ ನಿಂತದ್ದನ್ನು, ಸ್ಟೇರಿಂಗ್ ಹಿಡಿದವರನ್ನು ಬಸ್ಸಿನ ಕಿಟಕಿಯಿಂದ ಕಂಡ ಆಕೆ, ತನ್ನ ನಿಲ್ದಾಣ ಬಂದರೂ ಇಳಿಯುವುದನ್ನು ಮರೆತರು. ಇಷ್ಟು ವರ್ಷ ಒಂದೇ ಊರಿನಲ್ಲಿದ್ದೂ, ಸವಾಯಿಯ ಗೇಟಿನ ಬಳಿ ಕೈಯಳತೆಯಲ್ಲಿ ನಿಂತಿದ್ದೂ ಒಮ್ಮೆಯೂ ಮಾತಾಡಿಸಲಿಲ್ಲ. “ಏನಂತ ಮಾತಾಡ್ಸೂದು? ಊಟ ಆತೇನ್ರೀ ಅಂತ ಕೇಳೂದ?”

ಮರಾಠಿಗರಿಗೆ ಭೀಮಸೇನರು ಮುಖ್ಯವಾಗಿ ಅಭಂಗದವರು. ರಾಮ ಫಾಟಕ್ ಮತ್ತು ಶ್ರೀನಿವಾಸ ಖಳೆ ಸಂಯೋಜಿಸಿದ ಅಭಂಗಗಳು ‘ಸಂತವಾಣಿ’ಯ ಕಛೇರಿಗಳಾಗಿ ಊರೂರು ಸುತ್ತಿದವು. ಇನ್ನೂ ಹಿಂದೆ, 1953ರ ‘ಗುಳಾಚಾ ಗಣಪತಿ’ ಚಿತ್ರಕ್ಕೆ ಪು.ಲ. ದೇಶಪಾಂಡೆಯವರ ಸಂಗೀತದಲ್ಲಿ ಹಾಡಿದ ‘ಇಂದ್ರಾಯಣೀ ಕಾಠೀ’ ಇತ್ತು. ಆಷಾಢ ಏಕಾದಶಿಗೆಂದು ಆಳಂದಿಯಿಂದ ಜ್ಞಾನೇಶ್ವರರ ಪಾಲಖಿ, ದೇಹೂವಿನಿಂದ ತುಕಾರಾಮರ ಪಾಲಖಿ ಪಂಢರಪುರದ ದಾರಿಯಲ್ಲಿ ಪುಣೆಗೆ ಬಂದು ತಂಗುತ್ತವೆ, ಒಂದು ಭವಾನಿ ಪೇಟೆಯಲ್ಲಿ, ಇನ್ನೊಂದು ನಾನಾ ಪೇಟೆಯಲ್ಲಿ. ಆ ದಿನಗಳಲ್ಲಿ ವಾರಕರಿಗಳಿಗೆ ಚಹಾ–ಬಾಳೆಹಣ್ಣು ಹಂಚುವ ಪ್ರತಿ ಮಂಟಪದಲ್ಲೂ ಅದೇ ದನಿ. ಆಕೆ ಬಾಳೆಹಣ್ಣು ಹಂಚಲು ನಿಲ್ಲುತ್ತಿದ್ದದ್ದು ಪುಣ್ಯಕ್ಕೂ ಹೌದು, ಲೌಡ್‌ಸ್ಪೀಕರಿನ ಹತ್ತಿರವಿರಲೂ ಹೌದು.

ಪಂಢರಪುರದ ವಿಠ್ಠಲನನ್ನು ಕನ್ನಡದವನೆಂದು ಜ್ಞಾನೇಶ್ವರರೇ ಕರೆದಿದ್ದಾರೆ. 1970ರ ‘ಝಾಲಾ ಮಹಾರ ಪಂಢರೀನಾಥ’ ಚಿತ್ರಕ್ಕೆ ಗ.ದಿ. ಮಾಡಗೂಳಕರರು ‘ಕಾನಡಾ ರಾಜಾ ಪಂಢರೀಚಾ’ ಬರೆದಾಗ ಅದನ್ನು ಸುಧೀರ ಫಡಕೆಯವರ ಜೊತೆ ಹಾಡಿದ್ದು ಭೀಮಸೇನರು. ಕನ್ನಡದ ದೇವರನ್ನು ಮರಾಠಿಯಲ್ಲಿ ಹಾಡುವ ಕನ್ನಡಿಗ! ವಾಡೆಯಲ್ಲಿ ಆ ಹಾಡು ರೇಡಿಯೋದಲ್ಲಿ ಬಂದಾಗಲೆಲ್ಲ ಗದಗಿನ ಸೊಸೆ ವಾಲ್ಯೂಮ್ ಏರಿಸುತ್ತಿದ್ದಳು. ಅತ್ತೆಗೆ ಕಾರಣ ತಿಳಿಯುತ್ತಿತ್ತು, ಸುಮ್ಮನಿರುತ್ತಿದ್ದರು.

ಕನ್ನಡದ ಪಾಲಿಗೆ ಬಂದದ್ದು ‘ದಾಸವಾಣಿ’. ಹುಬ್ಬಳ್ಳಿಯ ಅಂಗಡಿಯಿಂದ ಅಣ್ಣ ತಂದುಕೊಟ್ಟ ಕ್ಯಾಸೆಟ್ಟನ್ನು ಆಕೆ ಶುಕ್ರವಾರ ಸಂಜೆ ದೀಪ ಹಚ್ಚುವಾಗ ಹಾಕುವರು. ಪುರಂದರದಾಸರ ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಅಷ್ಟು ಸಲ ಕೇಳಿದ ಮೇಲೆ, ಪದ ಒಂದೂ ತಿಳಿಯದ ಅತ್ತೆ ಅದನ್ನು ಗುನುಗುತ್ತ ಅಕ್ಕಿ ಆರಿಸತೊಡಗಿದರು. ಪುಣೆಯಿಂದ ಬಸ್ಸಿನಲ್ಲಿ ಹೋಗಿ ಬರಬಹುದಾದ ಪುರಂದರಗಡವೇ ದಾಸರ ಹುಟ್ಟೂರೆಂದು ಬಹುಕಾಲ ಜನ ನಂಬಿದ್ದರು; ಈಚಿನ ಸಂಶೋಧಕರು ತೀರ್ಥಹಳ್ಳಿಯ ಆರಗದ ಕಡೆ ಕೈ ತೋರುತ್ತಾರೆ. ಆಕೆ ಈ ಸಂಶೋಧನೆಯನ್ನು ಒಪ್ಪುವುದಿಲ್ಲ. ಸಾಕ್ಷ್ಯ ನೋಡಿ ಅಲ್ಲ, ಪುಣೆಯ ಬದಿಗೊಬ್ಬ ದಾಸರಿರಲಿ ಎಂಬ ಆಸೆಯಿಂದ.

ಯಾರ ಆಸ್ತಿ ಯಾರದೆಂಬ ಜಗಳ ಆ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ನಡೆಯುತ್ತಿತ್ತು. ಗಂಡನ ವಾದ: ಗಾಯಕನನ್ನು ಗಾಯಕನನ್ನಾಗಿ ಮಾಡಿದ್ದು ಪುಣೆಯ ಕೇಳುಗರು. ಆಕೆಯ ವಾದ: ಹೆತ್ತದ್ದು ರೋಣ, ಕಲಿಸಿದ್ದು ಕುಂದಗೋಳ, ಪುಣೆ ಚಪ್ಪಾಳೆ ಹೊಡೆಯಿತು, ಅಷ್ಟೇ. ಮಾವ ಒಂದು ರಾಜಿ ಸೂತ್ರ ಕಂಡುಹಿಡಿದಿದ್ದರು. ಫರ್ಗ್ಯೂಸನ್ ಕಾಲೇಜಿನಲ್ಲಿ ಓದಿದ, ಮನೆಯಲ್ಲಿ ಮರಾಠಿ ಮಾತಾಡುವ ಬೇಂದ್ರೆಯನ್ನು ನೀವು ಧಾರವಾಡದಲ್ಲಿ ಇಟ್ಟುಕೊಂಡಿರಿ, ಮನೆಯಲ್ಲಿ ಕನ್ನಡ ಮಾತಾಡುವ ಭೀಮಸೇನನನ್ನು ನಾವು ಪುಣೆಯಲ್ಲಿ ಇಟ್ಟುಕೊಂಡೆವು, ಲೆಕ್ಕ ಚುಕ್ತಾ. ಬೆಳಗಾವಿಯ ಗಡಿಗಾಗಿ ಬೀದಿಯಲ್ಲಿ ಕಲ್ಲು ತೂರಿದವರಿಗಿಂತ ಈ ಮುದುಕರೇ ಹೆಚ್ಚು ಲೆಕ್ಕ ಬಲ್ಲವರಾಗಿದ್ದರೆಂದು ತೋರುತ್ತದೆ.

ಆದರೆ ‘ಎಲ್ಲರ ಗಾಯಕ’ ಎನ್ನುವಾಗ ಸ್ವಲ್ಪ ತಡೆಯಬೇಕು. ಪುಣೆಯ ಕನ್ನಡವೆಂದರೆ ಡೆಕ್ಕನ್ ಜಿಮ್ಖಾನಾದ ಕನ್ನಡವಷ್ಟೇ ಅಲ್ಲ. ಉಡುಪಿ ಹೊಟೇಲುಗಳ ಅಡುಗೆಮನೆಯ ಕನ್ನಡವಿದೆ. ಬೆಳಿಗ್ಗೆ ಮಜೂರ ಅಡ್ಡಾಗಳಲ್ಲಿ ಕೂಲಿಗೆ ಕಾದು ನಿಲ್ಲುವ ವಿಜಯಪುರ, ಕಲಬುರ್ಗಿ, ಯಾದಗಿರಿಯ ಕನ್ನಡವಿದೆ. ಸವಾಯಿಯ ಚಪ್ಪರದಲ್ಲಿ ಆ ಕನ್ನಡ ಎಂದೂ ಕಾಣಲಿಲ್ಲ, ಕಂಡಿದ್ದರೆ ಕಂಬ ನೆಡುವವರಲ್ಲಿ ಮಾತ್ರ. ಅವರ ದೇವರು ರಾಜಕುಮಾರ್. ವಾಡೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವಾಗ ಇಂಡಿ ತಾಲೂಕಿನ ಗಾರೆಯವನೊಬ್ಬ ಆಕೆಯ ಟೇಪಿನಲ್ಲಿ 1966ರ ‘ಸಂಧ್ಯಾರಾಗ’ದ ‘ನಂಬಿದೆ ನಿನ್ನ ನಾದದೇವತೆಯೆ’ ಕೇಳಿ, ಕರಣಿ ಹಿಡಿದೇ ನಿಂತು, “ಅಕ್ಕಾರ, ಇದು ಅಣ್ಣಾವ್ರ ಪಿಚ್ಚರಿಂದಲ್ಲೇನ್ರೀ?” ಎಂದ. ಹೌದು, ಅ.ನ.ಕೃ. ಕಾದಂಬರಿಯ ಆ ಚಿತ್ರದಲ್ಲಿ ನಟಿಸಿದ್ದು ಅಣ್ಣಾವ್ರೇ, ಹಾಡಿದ್ದು ಭೀಮಣ್ಣ. ಆತ ಭೀಮಣ್ಣನ ಹೆಸರು ಕೇಳಿರಲಿಲ್ಲ. ಆಕೆ ಎರಡು ಲೋಟ ಚಹಾ ಮಾಡಿ, ರೋಣದಿಂದ ಹಿಡಿದು ಪೂರ್ತಿ ಕತೆ ಹೇಳಿದರು. ಅಂದು ಗಾರೆಯ ಕೆಲಸ ಅಷ್ಟಕ್ಕಷ್ಟೇ.

ಸಿನಿಮಾದ ಇನ್ನೊಂದು ಎಳೆಯೂ ಕನ್ನಡಕ್ಕೇ ಬಂದು ಸೇರುತ್ತದೆ. 1956ರ ‘ಬಸಂತ್ ಬಹಾರ್’ ಚಿತ್ರದಲ್ಲಿ ಆಸ್ಥಾನ ಗಾಯಕನಿಗೆ ಭೀಮಸೇನರ ದನಿ, ನಾಯಕ ಭಾರತಭೂಷಣರಿಗೆ ಮನ್ನಾ ಡೇ ದನಿ. ಸ್ಪರ್ಧೆಯಲ್ಲಿ ನಾಯಕ ಗೆಲ್ಲಬೇಕು. ಭೀಮಸೇನರನ್ನು ಹಾಡಿನಲ್ಲಿ ಸೋಲಿಸುವುದೇ ಎಂದು ಹೆದರಿದ ಮನ್ನಾ ಡೇ ಮುಂಬಯಿ ಬಿಟ್ಟು ಓಡಿಹೋಗಲು ಯೋಚಿಸಿದ್ದರು, ಹೆಂಡತಿ ತಡೆದರು. ಹಾಡು ಮುಗಿದ ಮೇಲೆ ಶಾಸ್ತ್ರೀಯದ ಕಡೆ ಮನಸ್ಸು ಕೊಡು ಎಂದು ಹುರಿದುಂಬಿಸಿದವರು ಸ್ವತಃ ಸೋತ ಭೀಮಸೇನರು. ಆ ಚಿತ್ರದ ಮೂಲ ತ.ರಾ.ಸು. ಅವರ ‘ಹಂಸಗೀತೆ’ ಎಂಬುದು ಪುಣೆಯ ಎಷ್ಟು ಜನರಿಗೆ ಗೊತ್ತು? ಆಕೆ ಗೊತ್ತುಮಾಡಿಸದೆ ಬಿಟ್ಟವರು ಕಡಿಮೆ.

ಅಭಿಮಾನವೆಂದರೆ ಕುರುಡಲ್ಲ. ಒಂದು ಕಾಲದಲ್ಲಿ ಭೀಮಸೇನರಿಗೆ ಕುಡಿತ ಅಂಟಿತ್ತು, ಕಛೇರಿಗಳಿಗೆ ಅದರ ಪೆಟ್ಟು ಬಿದ್ದಿತ್ತು. ಕಡೆಗೆ ಅದನ್ನು ಪೂರ್ತಿ ಬಿಟ್ಟರು. ಪುಣೆಯಲ್ಲಿ ಇದು ಗುಟ್ಟೇನಲ್ಲ. ಆಕೆಯ ತಂದೆ ಆ ಕಾಲದಲ್ಲಿ ಒಂದು ಕಛೇರಿಗೆ ಟಿಕೇಟು ತೆಗೆಸಿ, ಅರ್ಧಕ್ಕೇ ಎದ್ದು ಬಂದು, ಆಮೇಲೆ ಕೆಲವು ವರ್ಷ ಆ ಹೆಸರನ್ನೇ ಎತ್ತಿರಲಿಲ್ಲವಂತೆ. ಹಾಗೆ ಮುನಿದ ಅಪ್ಪನೇ ಮುಂದೊಂದು ಡಿಸೆಂಬರಿನಲ್ಲಿ ಪುಣೆಗೆ ಬಂದು, ಮಗಳ ಪಕ್ಕ ಚಾದರದ ಮೇಲೆ ಕೂತು, ಬೆಳಗಿನ ತೋಡಿ ಕೇಳಿದರು. ಮುಗಿದ ಮೇಲೆ ಅವರು ಆಡಿದ್ದು ಎರಡೇ ಮಾತು: “ಬಿಟ್ಟಾನ. ಕೇಳಿದ್ರ ತಿಳೀತದ.”

2005ರಲ್ಲಿ ಕರ್ನಾಟಕ ರತ್ನ ಬಂತು. 2008ರ ನವೆಂಬರಿನಲ್ಲಿ ಭಾರತರತ್ನ ಘೋಷಣೆಯಾದಾಗ, ಎಲ್ಲ ಹಿಂದುಸ್ತಾನಿ ಗಾಯಕರ ಪರವಾಗಿ ಸ್ವೀಕರಿಸುವುದಾಗಿ ಹೇಳಿದರು. ಅಷ್ಟರಲ್ಲಿ ದೇಹ ಸೋತಿತ್ತು. ಸವಾಯಿಯ ವೇದಿಕೆ ಹತ್ತುವುದೂ ನಿಂತಿತು. 2009ರ ಜುಲೈನಲ್ಲಿ ಹುಬ್ಬಳ್ಳಿಯಲ್ಲಿ ಗಂಗೂಬಾಯಿ ಹೋದರು.

2010ರ ಡಿಸೆಂಬರ್ 31ರಂದು ಭೀಮಸೇನರು ಪುಣೆಯ ಆಸ್ಪತ್ರೆ ಸೇರಿದರು. ಜನವರಿ ತುಂಬ ಪತ್ರಿಕೆಗಳಲ್ಲಿ ದಿನಕ್ಕೊಂದು ಸಾಲು: ಸ್ಥಿರ, ಚಿಂತಾಜನಕ, ಮತ್ತೆ ಸ್ಥಿರ. 24ರ ಸೋಮವಾರ ಬೆಳಿಗ್ಗೆ ಎಂಟರ ಸುಮಾರಿಗೆ ಮುಗಿಯಿತು. ಇನ್ನು ಹನ್ನೊಂದು ದಿನಕ್ಕೆ ಎಂಬತ್ತೊಂಬತ್ತು ತುಂಬುತ್ತಿತ್ತು. ಟಿವಿಯ ಎಲ್ಲ ಚಾನೆಲ್ಲುಗಳಲ್ಲಿ ‘ಮಿಲೇ ಸುರ್’ನ ಅದೇ ತುಣುಕು ತಿರುತಿರುಗಿ ಬಂತು; ಅಷ್ಟು ರಾಗ ಹಾಡಿದವರಿಗೆ ಇದೊಂದೇ ಸಿಕ್ಕಿತೇ ಎಂದು ಆಕೆಗೆ ಸಿಟ್ಟು. ತಾವೇ ಪಾಪ್ ಸ್ಟಾರ್ ಎಂದು ಕರೆದವರು ಎಂಬುದನ್ನು ಮಗಳು ನೆನಪಿಸಿದಳು.

‘ಕಲಾಶ್ರೀ’ಯ ಹತ್ತಿರ ಜನ. ಮಂತ್ರಿಗಳ ಕೆಂಪು ದೀಪದ ಕಾರು, ಪೊಲೀಸರ ಹಗ್ಗ, ಕ್ಯಾಮೆರಾ. ಆಕೆಯ ಕಣ್ಣಿಗೆ ಬಿದ್ದದ್ದು ಬೇರೆಯವರು: ರಿಕ್ಷಾ ರಸ್ತೆಬದಿಗೆ ಹಾಕಿ ಚಪ್ಪಲಿ ಬಿಟ್ಟು ನಿಂತ ಚಾಲಕರು, ಯೂನಿಫಾರ್ಮಿನಲ್ಲೇ ಬಂದ ಸಂಗೀತ ಶಾಲೆಯ ಹುಡುಗಿಯರು, ಧಾರವಾಡದ ಕಡೆಯಿಂದ ಸಿಕ್ಕ ಬಸ್ಸು ಹಿಡಿದು ಬಂದು ಹಾದಿ ಕೇಳುತ್ತಿದ್ದ ಪಂಚೆಯ ಇಬ್ಬರು. ಆ ಇಬ್ಬರಿಗೆ ಕನ್ನಡದಲ್ಲಿ ದಾರಿ ಹೇಳಿದ್ದು ಆಕೆ. ಸಂಜೆ ವೈಕುಂಠ ಸ್ಮಶಾನದಲ್ಲಿ ಸರಕಾರಿ ಗೌರವದೊಂದಿಗೆ ಅಂತ್ಯಕ್ರಿಯೆ. ಬಂದೂಕಿನ ಸಲಾಮಿಯ ಸದ್ದಿಗೆ ಗೋಡೆಯಾಚೆಯ ಮರದ ಕಾಗೆಗಳೆಲ್ಲ ಎದ್ದವು. ಗುಂಪಿನಲ್ಲಿ ಯಾರೋ ಅಭಂಗ ಎತ್ತಿದರು, ಶ್ರುತಿ ತೀರಾ ಮೇಲಾಯಿತು, ನಡುವೆ ನಿಲ್ಲಿಸಿ ಕೆಳಗಿನಿಂದ ಮತ್ತೆ ಶುರುಮಾಡಿದರು.

ಆ ವರ್ಷದಿಂದ ಉತ್ಸವದ ಹೆಸರು ‘ಸವಾಯಿ ಗಂಧರ್ವ ಭೀಮಸೇನ ಮಹೋತ್ಸವ’. ಮೈದಾನವೂ ಈಗ ಮುಕುಂದನಗರದ ಮಹಾರಾಷ್ಟ್ರೀಯ ಮಂಡಳದ್ದು. ಸದ್ದಿನ ಕಾಯಿದೆ ಬಂದ ಮೇಲೆ ರಾತ್ರಿ ಹತ್ತಕ್ಕೆ ಮೈಕು ಬಂದ್, ಎಲ್ಲೋ ಒಂದೆರಡು ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ. ಇದರಿಂದ ಪುಣೆಯ ನಿದ್ದೆ ಸುಧಾರಿಸಿದೆ, ಆದರೆ ಅಪರಾತ್ರಿಯ ದರಬಾರಿಗೂ ನಸುಕಿನ ಲಲಿತಕ್ಕೂ ಅವುಗಳ ಹೊತ್ತು ಇಲ್ಲದಾಯಿತು. ಮಧ್ಯಾಹ್ನ ಮೂರಕ್ಕೆ ಮುಲ್ತಾನಿ ಸಿಗುತ್ತದೆ, ಅದಕ್ಕೆ ರಜೆ ಹಾಕಬೇಕು. ಜಯತೀರ್ಥ ಮೇವುಂಡಿಯವರಂಥ ಹುಬ್ಬಳ್ಳಿ–ಧಾರವಾಡದ ಗಾಯಕರು ಬಂದಾಗ ಮಾತ್ರ ಆಕೆ ಮಂಡಿನೋವು ಮರೆತು ಮಗಳ ಸ್ಕೂಟರ್ ಹತ್ತುತ್ತಾರೆ. ನೆಲದ ಬೈಠಕ್ ಆಗುವುದಿಲ್ಲ, ಈಗ ಕುರ್ಚಿ.

ಕಳೆದ ಸಲ ಪಕ್ಕದ ಕುರ್ಚಿಯಲ್ಲಿ ಹಿಂಜವಡಿಯ ಐಟಿ ಕಂಪನಿಯ ಹುಡುಗ, ಹಾವೇರಿಯವನು, ಮೊಬೈಲಿನಲ್ಲಿ ಭೀಮಸೇನರ ಹಳೆಯ ರೆಕಾರ್ಡಿಂಗುಗಳ ಭಂಡಾರವನ್ನೇ ಇಟ್ಟುಕೊಂಡವನು. ಪೂರಿಯಾ ಧನಾಶ್ರೀ ಯಾವ ವರ್ಷದ್ದು ಒಳ್ಳೆಯದೆಂಬ ವಾದ ಇಬ್ಬರಿಗೂ ಹತ್ತಿತು, ಹಿಂದಿನ ಸಾಲಿನವರು ಶ್ ಎನ್ನುವವರೆಗೆ ನಡೆಯಿತು. ಹತ್ತಕ್ಕೆ ಮೈಕು ಬಂದ್ ಆಗಿ ಹೊರಗೆ ಬರುವಾಗ ಅವನಿಗೆ ಬೇಸರ. ರಾತ್ರಿಯಿಡೀ ಹಾಡುವುದನ್ನು ತಾನು ಒಮ್ಮೆಯೂ ಕೇಳಿಲ್ಲವೆಂದ. ಆಕೆ ಕುಂದಗೋಳದ ನಾಡಿಗೇರ ವಾಡೆಯ ಮಾತು ತೆಗೆದರು. ಸವಾಯಿ ಗಂಧರ್ವರ ಪುಣ್ಯತಿಥಿಗೆ ಅಲ್ಲಿ ಬೆಳತನಕ ಹಾಡುವ ರೂಢಿ. ಭೀಮಸೇನರೂ ಗಂಗೂಬಾಯಿಯೂ ಹಾಡಿದ ಜಾಗ. ಊರ ದಾರಿಯಲ್ಲೇ ಇರುವ ಕುಂದಗೋಳ ಸ್ಟೇಷನ್ನನ್ನು ಹಾವೇರಿಯ ಹುಡುಗ ಎಷ್ಟೋ ಸಲ ದಾಟಿದ್ದಾನೆ, ಇಳಿದಿಲ್ಲ. “ಮುಂದಿನ ಸಲ ಇಳಿ. ಹಾಸ್ಕೊಳ್ಳಾಕ ಒಂದು ಚಾದರ ಒಯ್ಯಿ, ಅಲ್ಲಿ ಕುರ್ಚಿ–ಗಿರ್ಚಿ ನೆಚ್ಚಿಕೊಂಡು ಹೋಗಬ್ಯಾಡ” ಎಂದು ಹೇಳಿ ಆಕೆ ಸ್ಕೂಟರಿನ ಕಡೆ ನಡೆದರು. ಹುಡುಗ ಅಲ್ಲೇ ನಿಂತು ತಾರೀಖು ಹುಡುಕುತ್ತಿದ್ದ.